ಒಂದೇ ಅಳತೆಯ ಗೌನು

ಮೇಯರ್ ಗೌನಿಗೆ ಒಂದೇ ಅಳತೆ, ಮೇಯರ್‌ಗಳು ಮಾತ್ರ ನಾನಾ ಅಳತೆಯವರು. ಆರಡಿ ಆಳೊಬ್ಬರು ಈ ವರ್ಷ ತೊಟ್ಟದ್ದನ್ನೇ ಮುಂದಿನ ವರ್ಷ ಐದಡಿ ಮುಟ್ಟದ ಹೆಣ್ಣುಮಗಳೊಬ್ಬರು ರೇಷ್ಮೆ ಸೀರೆಯ ಮೇಲೆ ತೊಟ್ಟು ಪೀಠ ಏರಬೇಕು. ಅವರಿಗೆ ಅದು ಮೊಣಕಾಲಿಗೇ ನಿಲ್ಲುತ್ತದೆ, ಇವರಿಗೆ ನೆಲ ಗುಡಿಸುತ್ತದೆ. ದರ್ಜಿಯನ್ನು ಕರೆಸಿ ಅಂಚು ಮಡಿಸಿ ಹೊಲಿಸಬಾರದೇ ಎಂದು ಕೇಳಬಹುದು. ಕೇಳಿದವರಿದ್ದಾರೆ. ಆದರೆ ಅದಕ್ಕೊಂದು ಟಿಪ್ಪಣಿ ಏಳಬೇಕು, ಟಿಪ್ಪಣಿಯ ಮೇಲೆ ಷರಾ ಬೀಳಬೇಕು, ಲೆಕ್ಕಪತ್ರ ಶಾಖೆಯವರು ಇದು ಯಾವ ಲೆಕ್ಕಶೀರ್ಷಿಕೆಗೆ ಬರುತ್ತದೆ ಎಂದು ಕೇಳಬೇಕು. ಅಷ್ಟರಲ್ಲಿ ವರ್ಷ ಮುಗಿದು ಮತ್ತೊಬ್ಬ ಎತ್ತರದವರು ಬಂದು ಕೂತಿರುತ್ತಾರೆ. ಹಾಗಾಗಿ ಎಲ್ಲ ಕಾಲಕ್ಕೂ ಸೇಫ್ಟಿ ಪಿನ್ನೇ ಗತಿ.

ಪತ್ರಿಕೆಯ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಮಹಾನಗರ ಪಾಲಿಕೆ. ವಿಧಾನಸೌಧ ಸಿಕ್ಕವರು ಮೇಲಕ್ಕೆ ಹೋದರು, ಕ್ರೈಂ ಸಿಕ್ಕವರು ಹೆಸರು ಮಾಡಿದರು. ನನಗೆ ಒಳಚರಂಡಿ, ಬೀದಿದೀಪ, ಬೀದಿನಾಯಿ, ಖಾತಾ ವರ್ಗಾವಣೆ, ಮಳೆ ಬಂದರೆ ನುಗ್ಗುವ ನೀರು. ಊರಿನ ಹೆಸರು ಬೇಡ, ಕರ್ನಾಟಕದ ನಡುಗಾತ್ರದ ಯಾವುದೋ ಒಂದು ಊರು ಅಂದುಕೊಳ್ಳಿ. ಸಾಮಾನ್ಯ ಸಭೆ ಹನ್ನೊಂದಕ್ಕೆ ಎಂದು ನೋಟಿಸಿನಲ್ಲಿದ್ದರೆ ಹನ್ನೆರಡೂವರೆಗೆ ಕೋರಂ ಆಗುತ್ತಿತ್ತು. ಆ ಒಂದೂವರೆ ಗಂಟೆ ಪತ್ರಕರ್ತರ ಬೆಂಚಿನಲ್ಲಿ ಕೂತು ನೋಡಲು ಇದ್ದದ್ದು ಖಾಲಿ ಪೀಠ, ಗೋಡೆಯ ಮೇಲೆ ಹಳೆಯ ಮೇಯರ್‌ಗಳ ಹೆಸರಿನ ಫಲಕ, ಮತ್ತೆ ಪಕ್ಕದ ಕೊಠಡಿಯ ಅರೆತೆರೆದ ಬಾಗಿಲಲ್ಲಿ ನಡೆಯುತ್ತಿದ್ದ ಅಲಂಕಾರ.

ಅಲಂಕಾರ ಮಾಡುತ್ತಿದ್ದವರು ದಫೇದಾರರು. ಪಾಲಿಕೆಯಲ್ಲಿ ನಿಜವಾಗಿ ಉಡುಪು ಒಪ್ಪುತ್ತಿದ್ದುದು ಅವರೊಬ್ಬರಿಗೇ. ಬಿಳಿ ಸಮವಸ್ತ್ರ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಹುಣಿಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಬಿಲ್ಲೆ, ತಲೆಯ ಮೇಲೆ ಜರಿ ಅಂಚಿನ ಪೇಟ. ಅವರ ಉಡುಪು ಅವರದೇ ಅಳತೆಗೆ ಹೊಲಿದದ್ದು. ಹೊಸ ಮೇಯರ್ ಆಯ್ಕೆಯಾದ ದಿನ ಜನ ಮುಖ ನೋಡಿ ಗುರುತು ಹಿಡಿಯುವುದಕ್ಕಿಂತ ಮೊದಲು ದಫೇದಾರರ ಹಿಂದೆ ಯಾರಿದ್ದಾರೆ ಎಂದು ನೋಡಿಯೇ ಗುರುತು ಹಿಡಿಯುತ್ತಿದ್ದರು. ಸಭೆಗೆ ಹತ್ತು ನಿಮಿಷ ಇದೆ ಎನ್ನುವಾಗ ಅವರು ಕಬ್ಬಿಣದ ಬೀರುವಿನಿಂದ ಗೌನನ್ನು ಹ್ಯಾಂಗರ್ ಸಮೇತ ತೆಗೆದು ಎರಡೂ ಭುಜ ಹಿಡಿದು ಒಮ್ಮೆ ಝಾಡಿಸುತ್ತಿದ್ದರು. ನುಸಿಗುಳಿಗೆಯ ವಾಸನೆ ಬೆಂಚಿನ ತನಕ ಬರುತ್ತಿತ್ತು. ಕಡುಗೆಂಪು ಮಖಮಲ್ಲು, ಅಂಚಿಗೆ ಬಂಗಾರದ ಬಣ್ಣದ ಜರಿ, ಅಗಲ ತೋಳು. ಹಿಂದಿನಿಂದ ತೊಡಿಸಿ, ಮುಂದೆ ಬಂದು, ಭುಜದ ಹತ್ತಿರ ಒಳಗಡೆ ಹೊಲಿದಿದ್ದ ಎರಡು ಚಿಕ್ಕ ಕೊಂಡಿಗಳಿಗೆ ಸರವನ್ನು ಸಿಕ್ಕಿಸುತ್ತಿದ್ದರು. ಕೊಂಡಿ ಇಲ್ಲದಿದ್ದರೆ ಸರ ಜಾರಿ ಕತ್ತಿನ ಹಿಂಭಾಗಕ್ಕೆ ಹೋಗಿ ಪದಕ ಬೆನ್ನಿಗೆ ಬೀಳುತ್ತದಂತೆ. ಪದಕ ಎದೆಯ ನಡುವೆ ಬಂತೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬಾಗಿಲು ತೆಗೆದು, ಅವರು ಮುಂದೆ ಮೇಯರ್ ಹಿಂದೆ.

ಸರ ಅಪ್ಪಟ ಚಿನ್ನದ್ದೋ, ಬೆಳ್ಳಿಗೆ ಚಿನ್ನದ ನೀರು ಕುಡಿಸಿದ್ದೋ ಎಂಬುದು ನಮ್ಮೂರಿನಲ್ಲಿ ಬಗೆಹರಿಯದ ಚರ್ಚೆ. ಅದು ಕೌನ್ಸಿಲ್ ಕಾರ್ಯದರ್ಶಿಯವರ ಸುಪರ್ದಿನಲ್ಲಿರುತ್ತಿತ್ತು. ಕಾರ್ಯದರ್ಶಿ ವರ್ಗವಾದಾಗ ಚಾರ್ಜ್ ಪಟ್ಟಿಯಲ್ಲಿ ಮೊಹರು, ನಡಾವಳಿ ಪುಸ್ತಕಗಳು, ಟೈಪ್‌ರೈಟರ್, ಜತೆಗೆ ‘ಸರ ಒಂದು’ ಎಂದು ಬರೆದು ಸಹಿ ಆಗುತ್ತಿತ್ತು. ಯಾವ ಲೋಹ ಎಂದು ಬರೆಯುವ ಧೈರ್ಯ ಯಾರೂ ಮಾಡಲಿಲ್ಲ. ಬರೆದವರ ತಲೆಗೇ ಅಕ್ಕಸಾಲಿಗನ ಲೆಕ್ಕ ಸುತ್ತಿಕೊಳ್ಳುತ್ತದೆ ಎಂಬ ಭಯ.

ಇಷ್ಟೆಲ್ಲ ತೊಟ್ಟು ಪೀಠದಲ್ಲಿ ಕೂತವರ ಎಡಬದಿಗೆ, ಒಂದು ಮೆಟ್ಟಿಲು ಕೆಳಗೆ, ತಿಳಿನೀಲಿ ಅರ್ಧತೋಳಿನ ಅಂಗಿ ತೊಟ್ಟ ಒಬ್ಬರು ಕೂತಿರುತ್ತಿದ್ದರು. ಸರ ಇಲ್ಲ, ಪದಕ ಇಲ್ಲ, ಜೇಬಿನಲ್ಲಿ ಒಂದು ಪೆನ್ನು. ಅವರು ಕಮಿಷನರ್. ಕರ್ನಾಟಕ ಮಹಾನಗರ ಪಾಲಿಕೆಗಳ 1976ರ ಕಾಯ್ದೆಯಲ್ಲಿ ಕಾರ್ಯನಿರ್ವಹಣೆಯ ಅಧಿಕಾರ ಆ ಪೆನ್ನಿನಲ್ಲಿದೆ. ಮೇಯರ್ ಸಭೆ ನಡೆಸುತ್ತಾರೆ, ರೂಲಿಂಗ್ ಕೊಡುತ್ತಾರೆ, ಊರಿಗೆ ದೊಡ್ಡವರು ಬಂದರೆ ಹಾರ ಹಾಕುತ್ತಾರೆ. ಕಡತ ಮಾತ್ರ ಅರ್ಧತೋಳಿನ ಅಂಗಿಯ ಕಡೆಗೇ ಹರಿಯುತ್ತದೆ. ಅದೂ ಒಂದು ವರ್ಷದ ಮೇಯರ್. ಪ್ರಾದೇಶಿಕ ಆಯುಕ್ತರು ಬಂದು ಕೈ ಎತ್ತಿಸಿ ಚುನಾವಣೆ ಮಾಡಿ ಹೋಗುತ್ತಾರೆ. ಅದಕ್ಕೆ ಮೊದಲು ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ ಬಂದಿರುತ್ತದೆ, ಸದಸ್ಯರು ರೆಸಾರ್ಟಿಗೆ ಹೋಗಿ ಬಂದಿರುತ್ತಾರೆ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಂತೆ, ಸೀಟು ಎತ್ತರಿಸಿಕೊಂಡು ಪೆಡಲು ಕಾಲಿಗೆ ಸಿಗುವ ಹೊತ್ತಿಗೆ ಅಂಗಡಿಯವನು ಕೈ ತಟ್ಟಿ ಕರೆಯುತ್ತಾನೆ. ಗೌನಿನ ಭಾರಕ್ಕೂ ಅದರೊಳಗಿನ ಅಧಿಕಾರಕ್ಕೂ ವಿಲೋಮ ಸಂಬಂಧವಿದೆ ಎಂಬ ಸಂಶಯ ನನಗೆ ಹುಟ್ಟಿದ್ದು ಆ ಬೆಂಚಿನಲ್ಲಿ ಕೂತೇ. ಅಧಿಕಾರ ಕೊಡಲು ಮನಸ್ಸಿಲ್ಲದವರು ಮಖಮಲ್ಲು ಕೊಡುತ್ತಾರೆ.

ಇದು ನಮ್ಮೂರಿನ ಶಾಪ ಅಂದುಕೊಂಡಿದ್ದೆ. ಈ ವೇಷದ ತವರುಮನೆಯ ಕಥೆ ಓದುತ್ತಾ ಹೋದಂತೆ ಅಲ್ಲಿಯೂ ಇದೇ ಗಣಿತ ಎಂದು ಗೊತ್ತಾಯಿತು. ಲಂಡನ್ನಿನಲ್ಲಿ ಇಬ್ಬರು ಮೇಯರ್‌ಗಳು. ಒಬ್ಬರು ಲಾರ್ಡ್ ಮೇಯರ್, ಸಿಟಿ ಎಂದು ಕರೆಯುವ ಸುಮಾರು ಒಂದು ಚದರ ಮೈಲಿಯ ಹಳೆಯ ಪೇಟೆಗೆ ಮಾತ್ರ. ಇನ್ನೊಬ್ಬರು 2000ನೇ ಇಸವಿಯಲ್ಲಿ ಹುಟ್ಟಿದ ಹುದ್ದೆಯ ಲಂಡನ್ ಮೇಯರ್, ಇಡೀ ಮಹಾನಗರಕ್ಕೆ. ಬಸ್ಸು, ಸುರಂಗ ರೈಲು, ಪೊಲೀಸು, ದೊಡ್ಡ ಕಟ್ಟಡಗಳ ಪರವಾನಗಿ, ಇವುಗಳ ಮೇಲೆ ಹಿಡಿತ ಇರುವುದು ಎರಡನೆಯವರಿಗೆ. ಅವರು ಕೋಟು ತೊಟ್ಟು ಕಚೇರಿಗೆ ಹೋಗುತ್ತಾರೆ, ಸರವೂ ಇಲ್ಲ ಗೌನೂ ಇಲ್ಲ. ಒಂದು ಚದರ ಮೈಲಿಯವರ ವೈಭವವನ್ನೋ ಕೇಳಬೇಡಿ. ನವೆಂಬರಿನ ಎರಡನೇ ಶನಿವಾರ ಅವರ ಮೆರವಣಿಗೆ ಹೊರಡುತ್ತದೆ. 1757ರಲ್ಲಿ ಕಟ್ಟಿಸಿದ, ಮೂರು ಟನ್ನಿಗೆ ಸಮೀಪ ತೂಗುವ, ಮೈತುಂಬ ಚಿನ್ನದ ಲೇಪದ ಸಾರೋಟು, ಅದಕ್ಕೆ ಆರು ಕುದುರೆ. ಕಿಟಕಿಯಿಂದ ಇಷ್ಟಗಲ ಗರಿಯ ಹ್ಯಾಟು ಹೊರಹಾಕಿ ಜನರಿಗೆ ಬೀಸುತ್ತಾ ಹೋಗುತ್ತಾರೆ.

ಅವರ ಸರದ ಕಥೆ ಮಾತ್ರ ನನಗೆ ಬಹಳ ಇಷ್ಟ. ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಕೊಂಡಿಗಳು, ನಡುನಡುವೆ ಗುಲಾಬಿ, ಗಂಟು. ಹೋಲ್ಬೈನ್ ಬರೆದ ಥಾಮಸ್ ಮೋರ್‌ನ ಚಿತ್ರದಲ್ಲಿ ಅವನ ಕತ್ತಿನಲ್ಲಿರುವ ಸರದ ಜಾತಿಯದೇ ಇದು. ಎರಡು ಸಲ ಮೇಯರ್ ಆಗಿದ್ದ ಸರ್ ಜಾನ್ ಅಲನ್ ಎಂಬ ವರ್ತಕ ಸಾಯುವಾಗ ಇದನ್ನು ಮಕ್ಕಳಿಗೆ ಬರೆಯಲಿಲ್ಲ, ತನ್ನ ನಂತರ ಬರುವ ಮೇಯರ್‌ಗಳೆಲ್ಲ ಒಬ್ಬರಾದ ಮೇಲೊಬ್ಬರು ತೊಡಲಿ ಎಂದು ಉಯಿಲು ಬರೆದಿಟ್ಟ. 1545ರಿಂದ ಅದು ಕತ್ತಿನಿಂದ ಕತ್ತಿಗೆ ದಾಟಿಕೊಂಡು ಬಂದಿದೆ. ನಮ್ಮಲ್ಲಿ ಮೇಯರ್ ಆದವರು ಮನೆಯ ಮುಂದೆ ಮಾಜಿ ಮೇಯರ್ ಎಂಬ ಹಿತ್ತಾಳೆ ಫಲಕ ಹಾಕಿಸಿಕೊಳ್ಳುತ್ತಾರೆ. ಊರಿಗೆ ಒಂದು ಸರ ಬಿಟ್ಟುಹೋದದ್ದನ್ನು ನಾನಂತೂ ಕಂಡಿಲ್ಲ.

ಮೆರವಣಿಗೆಯ ಹಿಂದಿನ ದಿನ ಗಿಲ್ಡ್‌ಹಾಲ್‌ನಲ್ಲಿ ಅಧಿಕಾರ ಹಸ್ತಾಂತರ ನಡೆಯುತ್ತದೆ. ಹೊಸಬರು ಪ್ರಮಾಣ ವಚನ ಓದುವುದು ಬಿಟ್ಟರೆ ಒಂದು ಮಾತಿಲ್ಲ, ಚಪ್ಪಾಳೆಯಿಲ್ಲ. ಅಧಿಕಾರಿಗಳು ಮೂರು ಸಲ ಬಾಗುತ್ತಾ ಮುಂದೆ ಬರುತ್ತಾರೆ. ಸ್ಫಟಿಕದ ದಂಡ, ಮೊಹರು, ಹಣದ ಚೀಲ, ಖಡ್ಗ, ಗದೆ ಒಂದೊಂದೇ ಹಳಬರ ಕೈಯಿಂದ ಹೊಸಬರ ಕೈಗೆ ಹೋಗುತ್ತದೆ, ಬೆನ್ನು ತೋರಿಸದೆ ಮತ್ತೆ ಬಾಗುತ್ತಾ ಹಿಂದಕ್ಕೆ. ಖಡ್ಗಧಾರಿಯ ತಲೆಯ ಮೇಲೆ ತುಪ್ಪಳದ ಎತ್ತರದ ಟೋಪಿ, ಅದರೊಳಗೆ ಒಂದು ಕಿಸೆ, ಕಿಸೆಯಲ್ಲಿ ಮೊಹರಿನ ಪೆಟ್ಟಿಗೆಯ ಬೀಗದ ಕೈ. ಆತ ಟೋಪಿ ತೆಗೆದು ಬೀಗದ ಕೈ ಕೊಡುತ್ತಾನೆ, ಹಳಬರು ಹೊಸಬರಿಗೆ ಕೊಡುತ್ತಾರೆ, ಹೊಸಬರು ನೋಡಿ ಸರಿಯಾಗಿದೆ ಎಂಬಂತೆ ಅವನಿಗೇ ಹಿಂದಿರುಗಿಸುತ್ತಾರೆ. ಅದು ಪುನಃ ಟೋಪಿ ಸೇರುತ್ತದೆ. ಇಷ್ಟು ಓದುವಾಗ ನಮ್ಮ ಪಾಲಿಕೆಯ ಹಸ್ತಾಂತರ ಕಣ್ಣಮುಂದೆ ಬಂತು. ಹೊರಗೆ ಪಟಾಕಿ ಸರ, ಒಳಗೆ ಜೈಕಾರ, ಪೀಠದ ಸುತ್ತ ಅರುವತ್ತು ಜನ, ಸೇಬಿನ ಹಾರ, ಶಾಲಿನ ಮೇಲೆ ಶಾಲು, ಮೇಯರ್ ಎಲ್ಲಿದ್ದಾರೆ ಎಂದು ಹುಡುಕಿ ಗೌನಿನ ತೋಳಿಗೆ ಅವರ ಕೈ ತೂರಿಸಲು ಬೆವರುತ್ತಿದ್ದ ದಫೇದಾರರು. ಮೌನ ನಮಗೆ ಒಗ್ಗುವುದಿಲ್ಲ, ನಿಜ. ಆದರೂ ಹಳೆಯ ಮೇಯರ್ ತಾವೇ ನಿಂತು ಹೊಸಬರಿಗೆ ಗೌನು ತೊಡಿಸಿದ ಒಂದೆರಡು ಸಲ ಸಭಾಂಗಣ ತಾನಾಗಿಯೇ ಸುಮ್ಮನಾದದ್ದುಂಟು. ಬೇರೆ ಪಕ್ಷದವರಿಗೆ ತೊಡಿಸುವಾಗಲಂತೂ.

ಈ ವೇಷ ಕಡಲು ದಾಟಿ ನಮ್ಮ ಕಡೆಗೆ ಬಂದ ಬಗೆ ಇನ್ನೂ ರಂಜಕ. ಅದು ಮೊದಲು ಇಳಿದದ್ದು ಮದ್ರಾಸಿನಲ್ಲಿ. 1687ರ ಕೊನೆಗೆ ಲಂಡನ್ನಿನಲ್ಲಿ ಸನದು ಸಿದ್ಧವಾಯಿತು, 1688ರ ಸೆಪ್ಟೆಂಬರ್ 29ರಂದು ಸೇಂಟ್ ಜಾರ್ಜ್ ಕೋಟೆಯಲ್ಲಿ ಕಾರ್ಪೊರೇಷನ್ ಶುರುವಾಯಿತು. ಒಬ್ಬ ಮೇಯರ್, ಹನ್ನೆರಡು ಆಲ್ಡರ್‌ಮನ್‌ಗಳು, ಅರುವತ್ತು ಬರ್ಜೆಸ್‌ಗಳು. ನಥಾನಿಯಲ್ ಹಿಗಿನ್‌ಸನ್ ಮೊದಲ ಮೇಯರ್. ಸನದು ಬರೆದವರು ಉಡುಪನ್ನು ಮರೆತಿರಲಿಲ್ಲ. ಮೇಯರಿಗೂ ಆಲ್ಡರ್‌ಮನ್‌ಗಳಿಗೂ ಕಡುಗೆಂಪು ನಿಲುವಂಗಿ, ಬರ್ಜೆಸ್‌ಗಳಿಗೆ ಬಿಳಿ ರೇಷ್ಮೆಯದು. ಮೇಯರ್ ಮುಂದೆ ಚಿನ್ನದ ಮೆರುಗಿನ ಬೆಳ್ಳಿ ದಂಡ. ಬಿಸಿಲೂರು ಎಂಬ ಅರಿವೂ ಅವರಿಗಿತ್ತು, ನಿಲುವಂಗಿ ಆ ದೇಶದ ಸೆಕೆಗೆ ತಕ್ಕಂತಿರಲಿ ಎಂದರು. ಎಲ್ಲಕ್ಕಿಂತ ಮಿಗಿಲಾಗಿ, ಇವರು ಬೀದಿಯಲ್ಲಿ ಹೋಗುವಾಗ ಮೇಲೆ ಛತ್ರಿ ಹಿಡಿಸಿಕೊಳ್ಳಬಹುದು ಎಂಬ ಗೌರವವನ್ನೂ ದಯಪಾಲಿಸಿದರು. ಛತ್ರ ಯಾರ ತಲೆಯ ಮೇಲಿರುತ್ತದೋ ಅವರೇ ದೊಡ್ಡವರು ಎಂಬ ನಮ್ಮ ನಾಡಿನ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಯವರಿಗೆ ಅಷ್ಟು ಬೇಗ ಅರ್ಥವಾಗಿತ್ತು. ಲಂಡನ್ನಿನ ಕೆಂಪು ಅಂಗಿ, ಮೇಲೆ ನಮ್ಮ ಛತ್ರಿ.

ಈ ಔದಾರ್ಯಕ್ಕೆ ಕಾರಣ ಸರಳ. ಊರು ಬೆಳೆಯುತ್ತಿತ್ತು, ಖರ್ಚು ಬೆಳೆಯುತ್ತಿತ್ತು, ಜನ ತೆರಿಗೆ ಕೊಡಲು ಒಪ್ಪುತ್ತಿರಲಿಲ್ಲ. ಕೋಟೆಯವರು ಹಾಕಿದ ತೆರಿಗೆಯನ್ನು ಬೈಯುವ ಜನ ತಮ್ಮವರೇ ಹಾಕಿದರೆ ಕೊಟ್ಟಾರು ಎಂಬುದು ಕಂಪನಿಯ ಯಜಮಾನ ಜೋಸಯ್ಯ ಚೈಲ್ಡ್‌ನ ಎಣಿಕೆ. ಅದಕ್ಕೇ ಆಲ್ಡರ್‌ಮನ್‌ಗಳಲ್ಲಿ ಊರಿನ ತಮಿಳು, ತೆಲುಗು ವರ್ತಕರನ್ನೂ ಸೇರಿಸಿದ್ದು. ಜನ ಕೆಂಪು ಅಂಗಿಯನ್ನು ನೋಡಿ ಖುಷಿಪಟ್ಟರೋ ಏನೋ, ತೆರಿಗೆ ಮಾತ್ರ ಅಂದುಕೊಂಡಷ್ಟು ಸಲೀಸಾಗಿ ಬರಲಿಲ್ಲ. ಮುನ್ನೂರ ಮೂವತ್ತು ವರ್ಷ ದಾಟಿದರೂ ನಮ್ಮ ಪಾಲಿಕೆಗಳ ಆಸ್ತಿ ತೆರಿಗೆ ಬಾಕಿಯ ಪಟ್ಟಿ ಹಾಗೇ ಇದೆ ಎಂಬುದನ್ನು ನೋಡಿದರೆ ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮಗಿಲ್ಲ.

ಇಷ್ಟು ಹೇಳಿದ ಮೇಲೆ, ಗೌನು ಬ್ರಿಟಿಷರ ಪಳೆಯುಳಿಕೆ, ಅದನ್ನು ಕಿತ್ತೊಗೆಯಿರಿ ಎನ್ನುವವರ ಮಾತನ್ನು ಕೇಳಲೇಬೇಕು. 2022ರಲ್ಲಿ ಹುಬ್ಬಳ್ಳಿ–ಧಾರವಾಡದ ಮೇಯರ್ ಗೌನು ತೊಡುವುದಿಲ್ಲ ಎಂದರು. ವಸಾಹತು ಕಾಲದ ಗುರುತು ನಮಗೇಕೆ ಎಂಬ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. 1924ರಲ್ಲಿ ಚಿತ್ತರಂಜನ ದಾಸರು ಕಲ್ಕತ್ತದ ಮೇಯರ್ ಆಗಿ, ಇಪ್ಪತ್ತೇಳರ ಸುಭಾಷಚಂದ್ರ ಬೋಸರು ಅಲ್ಲಿನ ಮುಖ್ಯ ಕಾರ್ಯನಿರ್ವಾಹಕರಾದಾಗ ಪಾಲಿಕೆಯ ನೌಕರರ ಸಮವಸ್ತ್ರವೇ ಖಾದಿಯಾಯಿತು. ವೈಸರಾಯ್‌ಗಳಿಗೆ ಮೀಸಲಾಗಿದ್ದ ಪೌರ ಸನ್ಮಾನ ರಾಷ್ಟ್ರೀಯ ನಾಯಕರಿಗೆ ಸಲ್ಲತೊಡಗಿತು. ಅಂಗಿ ಬದಲಾಯಿಸಿ ಸರ್ಕಾರಕ್ಕೆ ಮಾತು ಮುಟ್ಟಿಸುವುದೆಂದರೆ ಅದು. ಆದರೆ ಕಲ್ಕತ್ತದವರು ಅಂಗಿಯ ಜತೆಗೆ ಆಡಳಿತವನ್ನೂ ಹಿಡಿದಿದ್ದರು. ಶಾಲೆ ತೆರೆದರು, ಔಷಧಾಲಯ ತೆರೆದರು. ಬ್ರಿಟಿಷ್ ಸರ್ಕಾರ ಕೆಲವೇ ತಿಂಗಳಲ್ಲಿ ಬೋಸರನ್ನು ಹಿಡಿದು ಮಂಡಾಲೆಗೆ ಕಳಿಸಬೇಕಾಯಿತು ಎಂದರೆ ನೋಡಿ. ನಮ್ಮಲ್ಲಿ ಗೌನು ಕಳಚಿದ ಮೇಯರ್ ಅವರನ್ನು ಯಾರೂ ಎಲ್ಲಿಗೂ ಕಳಿಸುವ ಅಗತ್ಯವಿಲ್ಲ, ವರ್ಷ ಮುಗಿದರೆ ತಾವೇ ಮನೆಗೆ ಹೋಗುತ್ತಾರೆ.

ಇಂಗ್ಲೆಂಡಿನವರೇ ಒಮ್ಮೆ ಇದನ್ನು ಕಿತ್ತೊಗೆಯಲು ಹೋಗಿ ಸೋತಿದ್ದಾರೆ. 1835ರಲ್ಲಿ ಅವರ ಪುರಸಭೆಗಳ ಸುಧಾರಣೆಯ ಕಾಯ್ದೆ ಬಂತು. ತಲೆತಲಾಂತರದಿಂದ ತಮ್ಮತಮ್ಮಲ್ಲೇ ಪೀಠ ಹಂಚಿಕೊಂಡು ಔತಣ ಉಣ್ಣುತ್ತಿದ್ದವರನ್ನು ಇಳಿಸಿ ತೆರಿಗೆದಾರರು ಹೊಸಬರನ್ನು ಆರಿಸಿದರು. ಹೊಸಬರಿಗೆ ಹಳೆಯ ವೈಭವ ಕಂಡರೆ ಮೈಯುರಿ. ಲೆಸ್ಟರ್ ನಗರದ ಹೊಸ ಕೌನ್ಸಿಲ್ ಮರುವರ್ಷವೇ ತನ್ನ ಗದೆಯನ್ನೂ ಬೆಳ್ಳಿ ಸಾಮಾನನ್ನೂ ಮಾರಿಹಾಕಿತು. ಆಮೇಲೆ ಏನಾಯಿತು? ಒಂದು ತಲೆಮಾರು ಕಳೆಯುವುದರೊಳಗೆ ಗಿರಣಿ ಊರುಗಳ ಮಾಲೀಕರು ಮೇಯರ್‌ಗಳಾದರು. ಪಕ್ಕದೂರಿನ ಮೇಯರ್ ಕತ್ತಿನಲ್ಲಿ ಸರವಿದ್ದರೆ ನಮ್ಮೂರಿಗೆ ಬೇಡವೇ? ಬರ್ಮಿಂಗ್‌ಹ್ಯಾಮಿನ ಅಕ್ಕಸಾಲಿಗರಿಗೆ ಕೈತುಂಬ ಕೆಲಸ. ಇಂದು ಇಂಗ್ಲೆಂಡಿನ ಊರೂರಿನಲ್ಲಿ ಪುರಾತನ ಎಂದು ತೋರಿಸುವ ಸರಗಳಲ್ಲಿ ಬಹಳಷ್ಟು ವಿಕ್ಟೋರಿಯಾ ಕಾಲದವು, ನಮ್ಮ ರೈಲ್ವೆ ನಿಲ್ದಾಣಗಳ ಓರಗೆಯವು. ಕೆಲವು ಊರಿನಲ್ಲಿ ಪ್ರತಿ ಮೇಯರ್ ಇಳಿಯುವಾಗ ತನ್ನ ಹೆಸರು ಕೊರೆಸಿದ ಒಂದು ಕೊಂಡಿ ಸೇರಿಸುವ ಪದ್ಧತಿ. ಸರ ಬೆಳೆಯುತ್ತಾ ಹೋಗುತ್ತದೆ, ಮೇಯರ್ ಬಗ್ಗುತ್ತಾ ಹೋಗುತ್ತಾರೆ.

ಪಳೆಯುಳಿಕೆಯ ಪ್ರಶ್ನೆಗೆ ಉತ್ತರ ಬೇಕಾದವರು ಡಬ್ಲಿನ್ನಿನ ಕಡೆ ನೋಡಬೇಕು. ಅಲ್ಲಿನ ಲಾರ್ಡ್ ಮೇಯರ್‌ನ ದೊಡ್ಡ ಸರವನ್ನು ಕೊಟ್ಟವನು ಇಂಗ್ಲೆಂಡಿನ ದೊರೆ ಮೂರನೇ ವಿಲಿಯಂ, 1698ರಲ್ಲಿ. ಪದಕದಲ್ಲಿ ಅವನದೇ ಮುಖ. 1690ರಲ್ಲಿ ಬಾಯ್ನ್ ನದಿಯ ದಂಡೆಯಲ್ಲಿ ಐರಿಷ್ ಕ್ಯಾಥೊಲಿಕರ ಪಾಳಯವನ್ನು ಸೋಲಿಸಿದ ಅದೇ ವಿಲಿಯಂ. ಐರಿಷರು ಸ್ವಾತಂತ್ರ್ಯಕ್ಕಾಗಿ ಹೋರಾಡಿದರು, ಪಡೆದರು, ರಾಜಧಾನಿಯ ನಡುಬೀದಿಯಲ್ಲಿದ್ದ ನೆಲ್ಸನ್ನನ ಕಂಬ 1966ರಲ್ಲಿ ಸಿಡಿದುಹೋಯಿತು. ವಿಲಿಯಮನ ಸರ ಮಾತ್ರ ಉಳಿದುಕೊಂಡಿತು. ದಿನಬಳಕೆಗೆ ಬೇರೆ ಸರ ಇಟ್ಟುಕೊಂಡು ದೊಡ್ಡ ಸಮಾರಂಭಕ್ಕೆ ಅದನ್ನೇ ತೆಗೆಯುತ್ತಾರೆ. ಸೋಲಿಸಿದವನ ಮುಖವನ್ನು ಎದೆಯ ಮೇಲೆ ಹೊತ್ತು ಗಣರಾಜ್ಯದ ಮೇಯರ್ ಸಮಾರಂಭಕ್ಕೆ ಹೋಗುತ್ತಾರೆ. ಅವರ ಸ್ವಾಭಿಮಾನಕ್ಕೆ ಏನೂ ಆಗಿಲ್ಲ. ನನಗನ್ನಿಸುವುದು ಇಷ್ಟೇ: ಗೌನು ಬಿಡುವುದು ಎಲ್ಲಕ್ಕಿಂತ ಅಗ್ಗದ ಸುಧಾರಣೆ, ಅದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ. ಕಮಿಷನರ್ ಜೇಬಿನ ಪೆನ್ನನ್ನು ಕೇಳುವುದು ಕಷ್ಟ. 1993ರಲ್ಲಿ ಜಾರಿಗೆ ಬಂದ, ನಗರಾಡಳಿತಕ್ಕೆ ಅಧಿಕಾರ ಕೊಡಿ ಎನ್ನುವ ಸಂವಿಧಾನದ 74ನೇ ತಿದ್ದುಪಡಿ ಆ ಪೆನ್ನಿನ ಕಡೆಗೆ ಬೆರಳು ತೋರಿಸಿ ಮೂವತ್ತು ವರ್ಷ ದಾಟಿತು. ರಾಜ್ಯ ಸರ್ಕಾರಗಳು ಬೆರಳನ್ನು ನೋಡಿದವು, ಪೆನ್ನನ್ನು ನೋಡಲಿಲ್ಲ.

ನಮ್ಮ ರಾಜ್ಯದಲ್ಲಿ ಮೇಯರ್‌ಗೆ ಸಂದ ನಿಜವಾದ ದೇಸಿ ಠೀವಿಯೆಂದರೆ ಮೈಸೂರಿನದು. ಅಲ್ಲಿ ಗೌನಿನ ಮಾತಲ್ಲ, ಕುದುರೆಯ ಮಾತು. ವಿಜಯದಶಮಿಯ ಜಂಬೂಸವಾರಿಯಲ್ಲಿ ಮೇಯರ್ ಪೇಟ ಧರಿಸಿ ಕುದುರೆಯೇರಿ ಹೋಗಬೇಕು. ಮೇಯರ್ ಆಗುವ ತನಕ ಸ್ಕೂಟರ್ ಬಿಟ್ಟು ಬೇರೇನೂ ಏರದವರಿಗೂ ವಿನಾಯಿತಿಯಿಲ್ಲ. ಹಾಗಾಗಿ ದಸರಾಕ್ಕೆ ಮೊದಲು ಬೆಳಗ್ಗೆ ಎದ್ದು ಅಶ್ವಾರೋಹಿ ಪೊಲೀಸರ ಮೈದಾನಕ್ಕೆ ಹೋಗಿ ತರಬೇತಿ. ಪತ್ರಿಕೆಗಳ ಮೈಸೂರು ಆವೃತ್ತಿಗೆ ಅದು ವರ್ಷಕ್ಕೊಮ್ಮೆ ತಪ್ಪದ ಫೋಟೊ. ಟ್ರ್ಯಾಕ್ ಪ್ಯಾಂಟು, ತಲೆಗೆ ಹೆಲ್ಮೆಟ್, ಹಲ್ಲು ಕಚ್ಚಿದ ನಗು, ಕೆಳಗೆ ಕಡಿವಾಣ ಹಿಡಿದ ಪೊಲೀಸ್ ಸಿಬ್ಬಂದಿ, ಇದೆಲ್ಲ ತನಗೆ ಸಂಬಂಧವೇ ಇಲ್ಲ ಎಂಬಂತೆ ನಿಂತ ಕುದುರೆ. ಕಾಲು ರಿಕಾಪಿನಲ್ಲಿ ಎಷ್ಟು ತೂರಬೇಕು, ಮೊಣಕಾಲು ಎಲ್ಲಿ ಒತ್ತಬೇಕು, ಬೆನ್ನು ಹೇಗಿರಬೇಕು, ಇದನ್ನೆಲ್ಲ ಸ್ಥಾಯಿ ಸಮಿತಿ ಸದಸ್ಯರಾಗಿದ್ದಾಗ ಯಾರೂ ಹೇಳಿಕೊಟ್ಟಿರುವುದಿಲ್ಲ. ಮಹಿಳಾ ಮೇಯರ್‌ಗಳೂ ಕಲಿತಿದ್ದಾರೆ, ಏರಿದ್ದಾರೆ.

ಆ ಮೆರವಣಿಗೆಯನ್ನು ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಿಂತು ನೋಡಿದವರಿಗೆ ಒಂದು ವಿಚಿತ್ರ ಕಂಡಿರಬಹುದು. 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಒಂದು ಕಾಲಕ್ಕೆ ಮಹಾರಾಜರು ಕೂರುತ್ತಿದ್ದರು. ಈಗ ಅಲ್ಲಿ ಚಾಮುಂಡೇಶ್ವರಿ. ಮುಖ್ಯಮಂತ್ರಿಗಳು ಅರಮನೆಯ ಅಂಗಳದಲ್ಲಿ ವೇದಿಕೆಯ ಮೇಲೆ ನಿಂತು ಪುಷ್ಪಾರ್ಚನೆ ಮಾಡಿ ಅಲ್ಲಿಯೇ ಉಳಿಯುತ್ತಾರೆ. ಮಂತ್ರಿಗಳು ಕುರ್ಚಿಯಲ್ಲಿ. ಬನ್ನಿಮಂಟಪದ ದಾರಿಯಲ್ಲಿ ಆನೆ, ಸ್ತಬ್ಧಚಿತ್ರ, ಡೊಳ್ಳು, ಕಂಸಾಳೆ, ಪೊಲೀಸ್ ಬ್ಯಾಂಡುಗಳ ನಡುವೆ ಮತ ಪಡೆದು ಸವಾರಿ ಹೊರಟವರೆಂದರೆ ಆ ಕುದುರೆಯ ಮೇಲಿನ ಒಬ್ಬರೇ. ಜನರೂ ಅವರ ಜತೆ ಸಲಿಗೆಯಿಂದಲೇ ಇರುತ್ತಾರೆ. ಅಂಬಾರಿಗೆ ಕೈಮುಗಿದ ಕೈಯಲ್ಲೇ ಮೇಯರಿಗೆ ಟಾಟಾ ಮಾಡುತ್ತಾರೆ, ವಾರ್ಡಿನವರು ಹೆಸರು ಹಿಡಿದು ಕೂಗುತ್ತಾರೆ, ನಮ್ಮ ಬೀದಿಯ ನಲ್ಲಿ ಏನಾಯಿತು ಎಂದು ಒಬ್ಬನಾದರೂ ಕೇಳುತ್ತಾನೆ. ಕುದುರೆಯ ಮೇಲಿರುವಾಗ ‘ನೋಟ್ ಮಾಡಿಕೊಂಡಿದ್ದೇನೆ’ ಎನ್ನುವುದಕ್ಕೂ ಕೈ ಬಿಡುವಿರುವುದಿಲ್ಲ. ರಾಜಠೀವಿಯ ಮೇಲೆ ಕೂತವರನ್ನು ನಲ್ಲಿ ನೀರಿಗಾಗಿ ದಬಾಯಿಸಬಹುದು ಎಂಬುದೇ ನನಗೆ ಈ ವೇಷಗಳಲ್ಲಿ ಹಿಡಿಸುವುದು. ಕಮಿಷನರನ್ನು ಹಾಗೆ ಬೀದಿಯಲ್ಲಿ ಕೂಗಿ ಕೇಳಲಾಗದು. ಅವರ ಕಾರಿನ ಗಾಜು ಏರಿರುತ್ತದೆ.

2024ರ ದಸರೆಯಲ್ಲಿ ಆ ಕುದುರೆ ಏರಲು ಮೇಯರ್ ಇರಲಿಲ್ಲ. ಹಿಂದಿನ ವರ್ಷದ ನವೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದಿತ್ತು, ಚುನಾವಣೆ ಆಗಿರಲಿಲ್ಲ. ಮೈಸೂರು ಒಂದನ್ನೇ ಅನ್ನುವಂತಿಲ್ಲ. ಬೆಂಗಳೂರಿನ ಕಥೆ ಇನ್ನೂ ಹಳೆಯದು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಚುನಾಯಿತ ಕೌನ್ಸಿಲ್ ಮುಗಿಯಿತು. ಅಲ್ಲಿಂದಾಚೆಗೆ ವರ್ಷಗಟ್ಟಲೆ ಊರನ್ನು ನಡೆಸಿದ್ದು ಆಡಳಿತಾಧಿಕಾರಿ ಮತ್ತು ಮುಖ್ಯ ಆಯುಕ್ತರು. ಕಸ ಎತ್ತಿದ್ದು ಎತ್ತಿದಷ್ಟೇ, ಗುಂಡಿ ಮುಚ್ಚಿದ್ದು ಮುಚ್ಚಿದಷ್ಟೇ. ಮೇಯರ್ ಇಲ್ಲ ಎಂಬುದು ಜನಕ್ಕೆ ಹೊಳೆಯಲೇ ಬಹಳ ದಿನ ಬೇಕಾಯಿತು. ಅದಕ್ಕೆ ಜನರನ್ನು ಬೈದು ಏನು ಬಂತು? ಇದ್ದಾಗ ಅವರಿಗೆ ಕಂಡದ್ದು ಗೌನೊಂದೇ.

ಈಗ ಬೆಂಗಳೂರು ಒಂದಲ್ಲ, ಐದು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆಗಳಾದವು. ಐದಕ್ಕೂ ಒಬ್ಬೊಬ್ಬ ಮೇಯರ್, ಅವಧಿ ಒಂದು ವರ್ಷವಲ್ಲ, 30 ತಿಂಗಳು. ಇವುಗಳ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಪ್ರಾಧಿಕಾರ. ಐದು ಮೇಯರ್ ಎಂದಮೇಲೆ ಐದು ಗೌನು, ಐದು ಸರ, ಐದು ಜನ ದಫೇದಾರರು. ನನ್ನ ಹಳೆಯ ಸಹೋದ್ಯೋಗಿಯೊಬ್ಬನಿಗೆ ಇದರದೇ ಚಿಂತೆ. 1949ರಿಂದ ಊರಿಗೆಲ್ಲ ಒಂದೇ ಪಾಲಿಕೆಯಿತ್ತು, ಅದರ ಸರ ಇನ್ನು ಯಾವ ದಿಕ್ಕಿನ ಮೇಯರಿಗೆ ಹೋಗುತ್ತದೆ ಎಂದು ಫೋನಿನಲ್ಲಿ ಕೇಳುತ್ತಾನೆ. ಕೇಂದ್ರಕ್ಕೆ ಕೊಟ್ಟರೆ ಉಳಿದ ನಾಲ್ವರು ಸುಮ್ಮನಿರುವವರಲ್ಲ. ಚೀಟಿ ಎತ್ತಿದರೆ ಗೆಲ್ಲದವರು ಕೋರ್ಟಿಗೆ ಹೋಗುತ್ತಾರೆ. ವಸ್ತುಸಂಗ್ರಹಾಲಯಕ್ಕೆ ಕೊಟ್ಟರೆ ಅದಕ್ಕೊಂದು ಟಿಪ್ಪಣಿ ಏಳಬೇಕು. ಹೊಸದಾಗಿ ಐದು ಮಾಡಿಸುವುದಾದರೆ ಟೆಂಡರ್ ಕರೆಯಬೇಕು, ಅತಿ ಕಡಿಮೆ ದರ ಹೇಳಿ ಎಲ್-ಒನ್ ಬಂದವನ ಸರ ಮೂರೇ ತಿಂಗಳಿಗೆ ಕಪ್ಪಾಗುತ್ತದೆ ಎನ್ನುತ್ತಾನೆ ಅವನು. ನಾನು ಅವನಿಗೆ ಹೇಳಿದ್ದು ಬೇರೆ. ಮೂವತ್ತು ತಿಂಗಳೆಂದರೆ ಎರಡೂವರೆ ವರ್ಷ. ಟಿಪ್ಪಣಿ ಎದ್ದು, ಷರಾ ಬಿದ್ದು, ಲೆಕ್ಕಶೀರ್ಷಿಕೆ ಸಿಕ್ಕರೂ ಇನ್ನೂ ಒಂದು ವರ್ಷವಾದರೂ ಕೈಯಲ್ಲಿರುತ್ತದೆ. ಈ ಸಲದವರು ಧೈರ್ಯವಾಗಿ ದರ್ಜಿಯನ್ನು ಕರೆಸಿ ಅಳತೆ ಕೊಡಬಹುದು.